ತೇರು, ಶಿಲ್ಪ, ಹೆಬ್ಬಾತು: ಕಡಿಮೆ ದುಡ್ಡಿಗೆ ಯಾವ ಕ್ಯಾಮೆರಾ?

‘ಕೈಯಲ್ಲಿ ಮೂವತ್ತು ಸಾವಿರ ಇದೆ, ಯಾವ ಕ್ಯಾಮೆರಾ ತಗೊಳ್ಳಲಿ ಸಾರ್?’ ನಂಜನಗೂಡು, ತಿ.ನರಸೀಪುರ ಕಡೆಯಿಂದ ಫೋಟೊಗ್ರಫಿ ಹುಚ್ಚು ಹತ್ತಿಸಿಕೊಂಡು ಬರುವ ಹುಡುಗ ಹುಡುಗಿಯರೆಲ್ಲ ಮೊದಲು ಕೇಳುವುದು ಇದನ್ನೇ. ತಟ್ಟನೆ ಒಂದು ಮಾಡೆಲ್ ಹೆಸರು ಹೇಳಿ ಕಳಿಸುವವರಿಗೆ ಬರವಿಲ್ಲ. ಆದರೆ ಏನನ್ನು ತೆಗೆಯಬೇಕೆಂದಿದ್ದೀ ಎಂದು ಕೇಳದೆ ಕ್ಯಾಮೆರಾ ಸೂಚಿಸಿದರೆ ಆ ಮೂವತ್ತು ಸಾವಿರದಲ್ಲಿ ಅರ್ಧ ನೀರುಪಾಲಾಗುತ್ತದೆ. ದುಡ್ಡು ಇರುವವರು ಎರಡನೇ ಸಲ ಕೊಳ್ಳುತ್ತಾರೆ. ಕೂಲಿಯಿಂದಲೋ ಸ್ಕಾಲರ್‌ಶಿಪ್‌ನಿಂದಲೋ ಉಳಿಸಿದ ಹಣ ತಂದವರಿಗೆ ಆ ಅನುಕೂಲ ಇರುವುದಿಲ್ಲ.

ಈ ಎರಡು ತಾಲ್ಲೂಕುಗಳಲ್ಲಿ ಕ್ಯಾಮೆರಾ ಹಿಡಿದವರನ್ನು ಸೆಳೆಯುವ ವಿಷಯಗಳಿಗೇನೂ ಕಡಿಮೆಯಿಲ್ಲ. ಫಾಲ್ಗುಣದಲ್ಲಿ ನಂಜನಗೂಡಿನ ದೊಡ್ಡ ಜಾತ್ರೆ ನಡೆಯುತ್ತದೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಹೀಗೆ ಐದು ತೇರುಗಳು ರಥಬೀದಿಯಲ್ಲಿ ಸಾಗುತ್ತವೆ. ತಿ.ನರಸೀಪುರ ತಾಲ್ಲೂಕಿನಲ್ಲಿ ಸೋಮನಾಥಪುರದ ಕೇಶವ ದೇವಾಲಯವಿದೆ. ಬೇಲೂರು, ಹಳೇಬೀಡಿನ ಜೊತೆಗೆ 2023ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ತಿ.ನರಸೀಪುರದ ಕಾವೇರಿ–ಕಪಿಲಾ ಸಂಗಮದಲ್ಲಿ 1989ರಿಂದ ನಡೆದುಬಂದಿರುವ ಕುಂಭಮೇಳ 2025ರ ಫೆಬ್ರುವರಿಯಲ್ಲೂ ನಡೆಯಿತು. ಚಳಿಗಾಲ ಬಂತೆಂದರೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ತೇರು, ಶಿಲ್ಪ, ಹಕ್ಕಿ ಈ ಮೂರೂ ಕ್ಯಾಮೆರಾದಿಂದ ಕೇಳುವುದು ಮೂರು ಬೇರೆ ಬೇರೆ ಗುಣಗಳನ್ನು. ಮೂರನ್ನೂ ಚೆನ್ನಾಗಿ ಮಾಡುವ ಒಂದು ಅಗ್ಗದ ಕ್ಯಾಮೆರಾ ಇಲ್ಲ.

ಮೊದಲು ಜೇಬಿನಲ್ಲಿರುವ ಫೋನಿನ ಮಾತು. ಹಗಲು ಬೆಳಕಿನಲ್ಲಿ ಸಂಗಮದ ನೋಟ, ಮನೆಯವರ ಫೋಟೊ, ವಾಟ್ಸಾಪ್ ಸ್ಟೇಟಸ್ಸು ಇಷ್ಟೇ ಉದ್ದೇಶವಾದರೆ ಈಗಿನ ಮಧ್ಯಮ ಬೆಲೆಯ ಫೋನ್ ಸಾಕು, ಬೇರೆ ಕ್ಯಾಮೆರಾ ಬೇಡ. ಆ ಹಣವನ್ನು ಉಳಿಸಿಡಿ. ಚೌಕಟ್ಟು ಕೂರಿಸುವುದು, ಬೆಳಕಿಗೆ ಕಾಯುವುದು ಇವನ್ನೆಲ್ಲ ಫೋನಿನಲ್ಲೇ ಕಲಿಯಬಹುದು. ಫೋನ್ ಎಲ್ಲಿ ಸೋಲುತ್ತದೆ ಎಂಬುದು ಅನುಭವಕ್ಕೆ ಬಂದ ಮೇಲೆ ಮುಂದಿನ ಹೆಜ್ಜೆ ಇಡಿ. ಅದು ಸೋಲುವುದು ಸಾಮಾನ್ಯವಾಗಿ ಎರಡು ಕಡೆ: ಕತ್ತಲಲ್ಲಿ ಚಲಿಸುವ ವಸ್ತುವಿನ ಮುಂದೆ ಮತ್ತು ದೂರದಲ್ಲಿ.

ಕತ್ತಲಿಗೆ ನಂಜನಗೂಡಿನ ತೇರಿಗಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ. ರಥಾರೋಹಣ ಬೆಳಗಿನ ಮುಹೂರ್ತದಲ್ಲಿ ಆಗುತ್ತದೆ. ಬಿಸಿಲು ಇನ್ನೂ ಬೀದಿಗೆ ಇಳಿದಿರುವುದಿಲ್ಲ. ಹಗ್ಗ ಹಿಡಿದವರ ಕೈಕಾಲು ಒಂದು ಕ್ಷಣವೂ ನಿಲ್ಲುವುದಿಲ್ಲ, ಜನ ಹಣ್ಣು ಜವನ ಎಸೆಯುತ್ತಿರುತ್ತಾರೆ, ಹಿಂದಿನಿಂದ ತಳ್ಳಾಟ ಬೇರೆ. ಗಾಳಿಯಲ್ಲಿರುವ ಬಾಳೆಹಣ್ಣನ್ನು ಕಲಸಿಹೋಗದಂತೆ ಹಿಡಿಯಬೇಕಾದರೆ ಶಟರ್ 1/500 ಸೆಕೆಂಡಿನ ಹತ್ತಿರ ಇರಬೇಕು. ಜನರ ಮುಖಕ್ಕಾದರೆ 1/250 ನಡೆದೀತು.

ಈಗ ಲೆಕ್ಕ ನೋಡಿ. ಹೊಸ ಕ್ಯಾಮೆರಾದ ಜೊತೆ ಪೆಟ್ಟಿಗೆಯಲ್ಲೇ ಬರುವ 18-55 ಎಂಎಂ ಕಿಟ್ ಲೆನ್ಸನ್ನು ಪೂರ್ತಿ ಝೂಮ್ ಮಾಡಿದರೆ ಅದರ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಆ ಮಬ್ಬಿನಲ್ಲಿ ಬೆಳಕಿನ ಸಂವೇದನೆಯನ್ನು, ಅಂದರೆ ಐಎಸ್ಒವನ್ನು, 3200ಕ್ಕೆ ಇಟ್ಟಾಗ ಮೀಟರು 1/30 ಸೆಕೆಂಡ್ ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. 1/30ಕ್ಕೆ ತೇರು ಸಿಕ್ಕರೂ ಎಳೆಯುವವರು ಮಂಜಾಗುತ್ತಾರೆ. ಅದೇ ಜಾಗದಲ್ಲಿ ಎಫ್/1.8 ತೆರೆಯುವ 50 ಎಂಎಂ ಲೆನ್ಸ್ ಹಾಕಿ. 5.6ನ್ನು 1.8ರಿಂದ ಭಾಗಿಸಿ ಬಂದದ್ದನ್ನು ವರ್ಗ ಮಾಡಿದರೆ ಸುಮಾರು 9.7, ಅಂದರೆ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಂತು. ಐಎಸ್ಒ ಮುಟ್ಟದೆಯೇ 1/30 ಇದ್ದದ್ದು 1/300ರ ಆಸುಪಾಸಿಗೆ ಏರಿತು. ಮುಖಗಳು ನಿಂತವು. ಕ್ಯಾಮೆರಾ ಬಾಡಿ ಬದಲಾಗಿಲ್ಲ, ಬದಲಾದದ್ದು ಲೆನ್ಸ್ ಮಾತ್ರ. ಲೆನ್ಸ್ ಬದಲಿಸುವ ಕ್ಯಾಮೆರಾಗಳಿಗೆ ಸಿಗುವ ಅತಿ ಅಗ್ಗದ ಲೆನ್ಸುಗಳಲ್ಲಿ ಈ 50 ಎಂಎಂ ಎಫ್/1.8 ಕೂಡ ಒಂದು. ಕಡಿಮೆ ದುಡ್ಡಿನವರು ತಿಳಿದಿರಲೇಬೇಕಾದ ಒಂದೇ ಒಂದು ಸಂಗತಿ ಹೇಳಿ ಎಂದರೆ ಇದನ್ನೇ ಹೇಳುತ್ತೇನೆ: ಬಾಡಿಯಲ್ಲಿ ಹಣ ಉಳಿಸಿ, ಲೆನ್ಸಿಗೆ ಹಾಕಿ.

ಬಾಡಿಯಲ್ಲಿ ನೋಡಬೇಕಾದದ್ದು ಮೆಗಾಪಿಕ್ಸೆಲ್ ಅಲ್ಲ, ಸೆನ್ಸರಿನ ಅಳತೆ. ಸಾಮಾನ್ಯ ಡಿಎಸ್ಎಲ್ಆರ್‌ಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ ಸುಮಾರು 23.5 ಎಂಎಂ ಅಗಲ, 15.6 ಎಂಎಂ ಎತ್ತರ. ಕ್ಯಾನನ್‌ನದು ಇದಕ್ಕಿಂತ ಚೂರು ಚಿಕ್ಕದು. ಚಿಕ್ಕ ಡಿಜಿಟಲ್ ಕ್ಯಾಮೆರಾ ಮತ್ತು ಭಾರೀ ಝೂಮ್ ಇರುವ ಬ್ರಿಜ್ ಕ್ಯಾಮೆರಾಗಳಲ್ಲಿರುವ ಸೆನ್ಸರ್ ಬಹುತೇಕ 6.17 ಎಂಎಂ ಅಗಲ, 4.55 ಎಂಎಂ ಎತ್ತರದ್ದು. ಗುಣಿಸಿ ನೋಡಿದರೆ ಮೊದಲನೆಯದರ ಹರವು ಎರಡನೆಯದರ ಹದಿಮೂರು ಪಟ್ಟು. ಎರಡರ ಮೇಲೂ 20 ಮೆಗಾಪಿಕ್ಸೆಲ್ ಎಂದೇ ಬರೆದಿರಬಹುದು. ಆದರೆ ಹೊತ್ತು ಮುಳುಗಿದ ಮೇಲೆ ಚಿಕ್ಕ ಸೆನ್ಸರಿನ ಚಿತ್ರ ಮರಳು ಮರಳಾಗುತ್ತದೆ, ಕೂದಲು, ಬಟ್ಟೆಯ ನೇಯ್ಗೆ ಎಲ್ಲ ಬಳಿದಂತಾಗುತ್ತದೆ. ಇನ್ನು ಮೆಗಾಪಿಕ್ಸೆಲ್: ಗೋಡೆಗೆ ಹಾಕುವ 12×18 ಇಂಚಿನ ಪ್ರಿಂಟನ್ನು ಒಳ್ಳೆಯ ಗುಣಮಟ್ಟದಲ್ಲಿ ತೆಗೆಸಲು 16 ಮೆಗಾಪಿಕ್ಸೆಲ್ ಸಾಕು, 24 ಇದ್ದರೆ ಧಾರಾಳ.

50 ಎಂಎಂ ಒಂದನ್ನೇ ಕೊಂಡರೆ ಒಂದು ಕಷ್ಟ ಇದೆ. ಎಪಿಎಸ್-ಸಿ ಬಾಡಿಯಲ್ಲಿ ಅದರ ನೋಟ ಕಿರಿದು. ಹತ್ತು ಮೀಟರ್ ದೂರದಲ್ಲಿ ಅದಕ್ಕೆ ಸಿಗುವ ಅಗಲ ಐದು ಮೀಟರಿಗೂ ಕಡಿಮೆ. ಅದೇ ದೂರದಲ್ಲಿ 18 ಎಂಎಂ ಆದರೆ ಹದಿಮೂರು ಮೀಟರ್ ಹಿಡಿಯುತ್ತದೆ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ರಾಜಗೋಪುರ ಸುಮಾರು 120 ಅಡಿ ಎತ್ತರ. ಕ್ಯಾಮೆರಾ ಉದ್ದುದ್ದ ಹಿಡಿದು ಪೂರ್ತಿ ಗೋಪುರವನ್ನು ಚೌಕಟ್ಟಿಗೆ ತರಲು 18 ಎಂಎಂನಲ್ಲಿ 30 ಮೀಟರ್ ಹಿಂದೆ ನಿಂತರೆ ಸಾಕು, 50 ಎಂಎಂನಲ್ಲಿ 70 ಮೀಟರಿಗೂ ಹೆಚ್ಚು ಹಿಂದೆ ಹೋಗಬೇಕು. ಜಾತ್ರೆಯ ದಿನ ಅಷ್ಟು ಹಿಂದೆ ಸರಿಯಲು ದಾರಿ ಎಲ್ಲಿ? ಹಾಗಾಗಿ ಅಗ್ಗದ ಕಿಟ್ ಲೆನ್ಸನ್ನು ಕಡೆಗಣಿಸಬೇಡಿ, ಅದು ಜೊತೆಗಿರಲಿ. ನಿಕಾನ್ ಕೊಳ್ಳುವವರು 50ರ ಬದಲು 35 ಎಂಎಂ ಎಫ್/1.8 ಡಿಎಕ್ಸ್ ಲೆನ್ಸನ್ನು ನೋಡಬಹುದು. ಬೀದಿಯ ಜನಜಂಗುಳಿಗೆ ಅದರ ನೋಟವೇ ಸರಿ.

ಸೋಮನಾಥಪುರ ಬಹಳ ಉದಾರಿ. ಶಿಲ್ಪಗಳು ಕದಲುವುದಿಲ್ಲ, ಹೊರಗೋಡೆಯ ಮೇಲೆ ಬೇಕಾದಷ್ಟು ಬೆಳಕಿರುತ್ತದೆ, ಜಗತಿಯ ಮೇಲೆ ನಡೆಯುತ್ತಾ ಶಿಲ್ಪದ ಮಗ್ಗುಲಿಗೇ ಹೋಗಬಹುದು. ಕೆಳಗಿನಿಂದ ಆನೆ, ಕುದುರೆ, ಬಳ್ಳಿ, ಪುರಾಣ ಕಥೆ, ಮಕರ, ಹಂಸ ಹೀಗೆ ಮೇಲೇರುವ ಪಟ್ಟಿಕೆಗಳನ್ನು ತೆಗೆಯಲು ಕಿಟ್ ಲೆನ್ಸನ್ನು 55ಕ್ಕೆ ತಂದು ಎಫ್/8 ಇಟ್ಟರೆ ಎಷ್ಟೋ ದುಬಾರಿ ಲೆನ್ಸಿಗೆ ಸಮನಾದ ಚಿತ್ರ ಬರುತ್ತದೆ. ಅಲ್ಲಿ ಕೆಲಸ ಮಾಡುವುದು ಬಿಸಿಲಿನ ಓರೆ. ನಡುಹಗಲಲ್ಲಿ ಚಪ್ಪಟೆಯಾಗಿ ಕಾಣುವ ಆನೆಯ ಸೊಂಡಿಲು ಬೆಳಗಿನ ಓರೆ ಬಿಸಿಲಿನಲ್ಲಿ ಕಲ್ಲಿನಿಂದ ಎದ್ದು ಬರುತ್ತದೆ. ಒಳಗಿನ ನವರಂಗ, ಕೆತ್ತಿದ ಛಾವಣಿಗಳು ಮಾತ್ರ ಕತ್ತಲು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು. ಆದ್ದರಿಂದ ಕೈಯ ನಡುಕ ತಡೆಯುವ ವ್ಯವಸ್ಥೆ ಇರುವ ಲೆನ್ಸೇ ಇರಲಿ. ಕ್ಯಾನನ್ ಲೆನ್ಸಿನ ಮೇಲೆ ಐಎಸ್, ನಿಕಾನ್ ಲೆನ್ಸಿನ ಮೇಲೆ ವಿಆರ್ ಎಂದು ಬರೆದಿರುತ್ತದೆ. ನಿಕಾನ್‌ನ 18-55ರಲ್ಲಿ ವಿಆರ್ ಇರುವುದೂ ಇದೆ, ಇಲ್ಲದ್ದೂ ಇದೆ. ನೋಡಲು ಎರಡೂ ಒಂದೇ ತರಹ. ಆ ಎರಡು ಅಕ್ಷರವನ್ನು ಓದಿಯೇ ಹಣ ಕೊಡಿ. ವಿಆರ್ ಇದ್ದು, ಉಸಿರು ಬಿಗಿಹಿಡಿದು ತೆಗೆದರೆ 1/10 ಸೆಕೆಂಡಿನಲ್ಲೂ ಛಾವಣಿಯ ಕೆತ್ತನೆ ಸ್ಪಷ್ಟವಾಗಿ ಬರುತ್ತದೆ.

ಹದಿನಾರು ಕೆರೆಗೆ ಬನ್ನಿ, ಇಲ್ಲಿ ಬೇರೆಯದೇ ಲೆಕ್ಕ. ಪಟ್ಟೆತಲೆ ಹೆಬ್ಬಾತು ಸುಮಾರು ಮುಕ್ಕಾಲು ಮೀಟರ್ ಉದ್ದದ ಹಕ್ಕಿ. ಅದು 80 ಮೀಟರ್ ದೂರದಲ್ಲಿ ನೀರಿನಂಚಿಗೆ ಕೂತಿದೆ ಎನ್ನಿ. ಫೋನಿನ ಮಾಮೂಲಿ ಲೆನ್ಸಿನಲ್ಲಿ ಆ ಹಕ್ಕಿ ಚಿತ್ರದ ಅಗಲದ ನೂರರಲ್ಲಿ ಒಂದು ಭಾಗವೂ ಇರುವುದಿಲ್ಲ, ಚುಕ್ಕೆ ಅಷ್ಟೆ. ಕಿಟ್ ಲೆನ್ಸಿನ 55 ಎಂಎಂಗೆ ಹಾಕಿದರೂ 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅದರ ಉದ್ದ 130 ಪಿಕ್ಸೆಲ್ ಆಗುತ್ತದೆ. 300 ಎಂಎಂ ಲೆನ್ಸ್ ಆದರೆ 700 ಪಿಕ್ಸೆಲ್ ದಾಟುತ್ತದೆ; ಕತ್ತರಿಸಿ ದೊಡ್ಡದು ಮಾಡಿದರೆ ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಎಣಿಸಬಹುದು. ಕ್ಯಾನನ್ ಎಸ್ಎಕ್ಸ್70, ನಿಕಾನ್ ಪಿ950ಯಂಥ ಬ್ರಿಜ್ ಕ್ಯಾಮೆರಾ ಇದಕ್ಕಿಂತ ಎಷ್ಟೋ ದೂರ ಎಟುಕುತ್ತದೆ. ಮೊದಲನೆಯದರದ್ದು 1365 ಎಂಎಂಗೆ ಸಮನಾದ ಝೂಮ್, ಎರಡನೆಯದರದ್ದು 2000 ಎಂಎಂಗೆ ಸಮ. ಮೊದಲನೆಯದರಲ್ಲೇ ಅದೇ ಹಕ್ಕಿ ಚೌಕಟ್ಟಿನ ಮೂರನೇ ಒಂದು ಭಾಗ ತುಂಬುತ್ತದೆ. ಬೆಲೆಯ ದೃಷ್ಟಿಯಿಂದ ಇಷ್ಟು ದೂರ ಮುಟ್ಟುವ ಬೇರೆ ದಾರಿಯೇ ಇಲ್ಲ. ಆದರೆ ಇವುಗಳ ಸೆನ್ಸರ್ ಆಗಲೇ ಹೇಳಿದ ಪುಟ್ಟ ಅಳತೆಯದು. ಬಿಸಿಲಿನಲ್ಲಿ ಕೂತ ಹಕ್ಕಿಗೆ ಚೆನ್ನ, ಮುಸ್ಸಂಜೆ ಹಾರುವ ಹಿಂಡಿಗೆ ಆಗದು, ಬೆಳಗಿನ ತೇರಿಗಂತೂ ಖಂಡಿತ ಬೇಡ.

ಹಕ್ಕಿ ಒಂದೇ ನಿಮ್ಮ ಆಸೆ, ಗುರುತಿಸಿ ದಾಖಲಿಸುವುದು ಉದ್ದೇಶ ಎಂದಾದರೆ ಬ್ರಿಜ್ ಕೊಳ್ಳಿ. ಹಕ್ಕಿಯೂ ಬೇಕು, ಜಾತ್ರೆಯೂ ಬೇಕು ಎನ್ನುವವರು ಹಳೆಯ ಡಿಎಸ್ಎಲ್ಆರ್ ಜೊತೆ 55-250 ಅಥವಾ 70-300 ಎಂಎಂ ಲೆನ್ಸನ್ನು ಎರಡನೇ ಕಂತಿನಲ್ಲಿ ಸೇರಿಸಿಕೊಳ್ಳಲಿ. 300 ಎಂಎಂ ಕೈಯಲ್ಲಿ ಹಿಡಿದಾಗ ಶಟರ್ 1/500ಕ್ಕಿಂತ ಇಳಿಯಬಾರದು, ಹಾರುವ ಬಾತಿಗೆ 1/1000 ಮೇಲಿರಬೇಕು. ಕೆರೆ ಏರಿಯ ಮೇಲೆ ಎದ್ದು ನಿಂತು ಹತ್ತಿರ ಹೋಗುವ ಬದಲು ಒಂದೆಡೆ ತಗ್ಗಿ ಕೂತರೆ ಹಕ್ಕಿಯೇ ಹತ್ತಿರ ಬರುತ್ತದೆ. ಸಾವಿರಾರು ಕಿಲೊಮೀಟರ್ ಹಾರಿ ಬಂದ ಅತಿಥಿಯನ್ನು ಒಂದು ಫೋಟೊಗಾಗಿ ಎಬ್ಬಿಸಿ ಓಡಿಸುವುದು ಬೇಡ.

ಈಗ ಬಾಡಿಯ ವಿಚಾರ. ಕ್ಯಾನನ್, ನಿಕಾನ್ ಎರಡೂ ಕಂಪನಿಗಳು 2020ರ ಈಚೆಗೆ ಹೊಸ ಡಿಎಸ್ಎಲ್ಆರ್ ಮಾಡೆಲ್ ತಂದಿಲ್ಲ, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕಡೆ ಪೂರ್ತಿ ಹೊರಳಿವೆ. ಮದುವೆ ಫೋಟೊಗ್ರಾಫರುಗಳೂ ಒಬ್ಬೊಬ್ಬರಾಗಿ ಹಳೆಯದನ್ನು ಮಾರುತ್ತಿದ್ದಾರೆ. ಕಡಿಮೆ ದುಡ್ಡಿನವರಿಗೆ ಇದೇ ಸುಸಮಯ. ನಿನ್ನೆ ಚೆನ್ನಾಗಿ ಬರುತ್ತಿದ್ದ ಚಿತ್ರ ಇಂದು ಕೆಟ್ಟದಾಗುವುದಿಲ್ಲ. ನಿಕಾನ್ ಡಿ3500ನ ಒಂದು ಬ್ಯಾಟರಿ ಚಾರ್ಜಿಗೆ ಕಂಪನಿಯ ಲೆಕ್ಕದಲ್ಲಿ 1,550 ಚಿತ್ರ ಬರುತ್ತದೆ. ಅಗ್ಗದ ಮಿರರ್‌ಲೆಸ್‌ಗಳಲ್ಲಿ ಇದು ಕೆಲವು ನೂರಕ್ಕೆ ನಿಲ್ಲುತ್ತದೆ, ಜಾತ್ರೆಯ ದಿನ ಮಧ್ಯಾಹ್ನದೊಳಗೆ ಎರಡನೇ ಬ್ಯಾಟರಿ ಹುಡುಕಬೇಕಾಗುತ್ತದೆ. ವಿಡಿಯೊವೇ ಮುಖ್ಯ ಎನ್ನುವವರಿಗೆ ಮಾತ್ರ ಈ ಬೆಲೆಯಲ್ಲೂ ಮಿರರ್‌ಲೆಸ್ ಉತ್ತಮ; ಸೋನಿ ಎ6000ದಂಥ ಹಳೆಯವು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತವೆ.

ಅಗ್ಗದ ಬಾಡಿಗಳಲ್ಲಿ ಕಣ್ಣಿಗೆ ಕಾಣದ ಎರಡು ಬಲೆಗಳಿವೆ. ನಿಕಾನ್ ಡಿ3000, ಡಿ5000 ಸಾಲಿನ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ‘ಎಎಫ್ 50 ಎಂಎಂ 1.8ಡಿ’ ಎಂಬ ಹಳೆಯ ಲೆನ್ಸ್ ತುಂಬಾ ಅಗ್ಗಕ್ಕೆ ಸಿಗುತ್ತದೆ, ಡಿ3500ಕ್ಕೆ ಹಾಕಿದರೆ ಕೂರುತ್ತದೆ, ಆದರೆ ತಾನಾಗಿ ಫೋಕಸ್ ಆಗುವುದಿಲ್ಲ, ಕೈಯಿಂದಲೇ ತಿರುಗಿಸಬೇಕು. ಅದೇ ಲೆನ್ಸ್ ಡಿ7000, ಡಿ7200ರಲ್ಲಿ ಸಲೀಸಾಗಿ ಕೆಲಸ ಮಾಡುತ್ತದೆ. ಮೋಟಾರಿಲ್ಲದ ಬಾಡಿ ಇದ್ದವರು ‘ಎಎಫ್-ಎಸ್’ ಎಂದು ಬರೆದ ಲೆನ್ಸನ್ನೇ ಕೇಳಿ. ಇನ್ನೊಂದು ಬಲೆ ಕ್ಯಾನನ್‌ನದು. 1500ಡಿ, 3000ಡಿ, 200ಡಿ ಮಾರ್ಕ್ 2 ಇವುಗಳಲ್ಲಿ ಫ್ಲಾಶ್ ಕೂರಿಸುವ ಜಾಗದ ನಡುವಣ ಪಿನ್ನನ್ನೇ ಕಂಪನಿ ತೆಗೆದುಹಾಕಿದೆ. ಸ್ಟುಡಿಯೊಗಳಲ್ಲಿರುವ ಒಂದೇ ಪಿನ್ನಿನ ಅಗ್ಗದ ಫ್ಲಾಶು, ಟ್ರಿಗರುಗಳು ಇವುಗಳ ಮೇಲೆ ಹೊತ್ತುವುದಿಲ್ಲ. ಮುಂದೆ ನಾಮಕರಣ, ಆರತಕ್ಷತೆ ತೆಗೆದು ನಾಲ್ಕು ಕಾಸು ಸಂಪಾದಿಸುವ ಯೋಚನೆ ಇರುವವರು ಇದನ್ನು ನೋಡದೆ ಕೊಳ್ಳಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅವಸರ ಮಾಡಬಾರದು. ಹಗಲಲ್ಲಿ ಹೋಗಿ. ನಿಮ್ಮದೇ ಒಂದು ಮೆಮೊರಿ ಕಾರ್ಡು, ಸಣ್ಣ ಟಾರ್ಚು ಜೇಬಿನಲ್ಲಿರಲಿ. ಮೊದಲು ಲೆನ್ಸ್ ಬಿಚ್ಚಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೇಡರ ಬಲೆಯ ಎಳೆಯಂಥದ್ದು ಗಾಜಿನ ಅಂಚಿನಿಂದ ಒಳಮುಖವಾಗಿ ಹರಡಿದ್ದರೆ ಅದು ಫಂಗಸ್; ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ಆಮೇಲೆ ಲೆನ್ಸ್ ಹಾಕಿ, ಎಫ್/16 ಇಟ್ಟು ಬಿಳಿ ಗೋಡೆಯನ್ನೋ ಖಾಲಿ ಆಕಾಶವನ್ನೋ ಫೋಕಸ್ ತಪ್ಪಿಸಿ ತೆಗೆಯಿರಿ. ಪರದೆಯಲ್ಲಿ ದೊಡ್ಡದು ಮಾಡಿದಾಗ ಬೂದು ಚುಕ್ಕೆಗಳು ಕಂಡರೆ ಅವು ಸೆನ್ಸರ್ ಮೇಲಿನ ಧೂಳು, ಶುಚಿ ಮಾಡಿಸಿದರೆ ಹೋಗುತ್ತವೆ. ಚುಕ್ಕೆಯ ಬದಲು ಗೀರು ಕಂಡರೆ ಹೋಗುವುದಿಲ್ಲ. ಲೆನ್ಸಿಗೆ ಮುಚ್ಚಳ ಹಾಕಿ, ಐಎಸ್ಒ 1600ರಲ್ಲಿ ಕೆಲವು ಸೆಕೆಂಡಿನ ಒಂದು ಚಿತ್ರ ತೆಗೆಯಿರಿ; ಕೆಂಪು, ನೀಲಿ, ಬಿಳಿ ಚುಕ್ಕೆಗಳು ತುಂಬ ಕಂಡರೆ ಸೆನ್ಸರ್ ದಣಿದಿದೆ. ಎಲ್ಲ ಗುಂಡಿಗಳನ್ನೂ ಒತ್ತಿ, ಒಳಗಿನ ಫ್ಲಾಶ್ ಎಬ್ಬಿಸಿ, ಹತ್ತಿರದ ಒಂದು ವಸ್ತು, ದೂರದ ಒಂದು ಮರ ಎರಡಕ್ಕೂ ಫೋಕಸ್ ಸಿಗುತ್ತದೆಯೇ ನೋಡಿ.

‘ಎಷ್ಟು ಓಡಿದೆ ಅಣ್ಣಾ?’ ಎಂದು ಕೇಳಲು ಹಿಂಜರಿಯಬೇಡಿ. ಅಗ್ಗದ ಸಾಲಿನ ಡಿಎಸ್ಎಲ್ಆರ್‌ಗಳ ಶಟರಿಗೆ ಸಾಮಾನ್ಯವಾಗಿ ಒಂದು ಲಕ್ಷ ಕ್ಲಿಕ್ ಬಾಳಿಕೆ ಅಂದಾಜಿಸುತ್ತಾರೆ, ಡಿ7200ರಂಥದ್ದಕ್ಕೆ ಒಂದೂವರೆ ಲಕ್ಷ. ಮದುವೆ ಸೀಸನ್‌ನಲ್ಲಿ ದುಡಿದ ಬಾಡಿಗೆ ಲಕ್ಷ ದಾಟಲು ಬಹಳ ವರ್ಷ ಬೇಕಿಲ್ಲ. ಬಹುತೇಕ ನಿಕಾನ್ ಡಿಎಸ್ಎಲ್ಆರ್‌ಗಳಲ್ಲಿ ಈ ಎಣಿಕೆ ತೆಗೆದ ಚಿತ್ರದ ಕಡತದಲ್ಲೇ ಅಡಗಿರುತ್ತದೆ, ಶಟರ್ ಕೌಂಟ್ ತೋರಿಸುವ ವೆಬ್‌ಸೈಟಿಗೆ ಆ ಚಿತ್ರ ಹಾಕಿದರೆ ಗೊತ್ತಾಗುತ್ತದೆ. ಕ್ಯಾನನ್‌ನ ಹೆಚ್ಚಿನವಕ್ಕೆ ಕೇಬಲ್ ಹಾಕಿ ಸಾಫ್ಟ್‌ವೇರ್‌ನಲ್ಲಿ ನೋಡಬೇಕು. ಚಿತ್ರದ ಹೆಸರಿನ ಜೊತೆ ಬರುವ ನಂಬರನ್ನು ನಂಬಬೇಡಿ, ಅದನ್ನು ಮತ್ತೆ ಒಂದರಿಂದ ಶುರು ಮಾಡಬಹುದು. ಬಾಡಿಯ ಅಡಿಯಲ್ಲಿರುವ ಸೀರಿಯಲ್ ನಂಬರ್, ಬಿಲ್, ಡಬ್ಬ ಮೂರೂ ತಾಳೆಯಾಗಲಿ. ಬಿಲ್ ಇಲ್ಲದ ಕ್ಯಾಮೆರಾ ಕದ್ದ ಮಾಲೂ ಆಗಿರಬಹುದು.

ಕೈಯಲ್ಲಿರುವುದನ್ನು ಹತ್ತು ಪಾಲು ಮಾಡಿದರೆ ನಾಲ್ಕು ಬಾಡಿಗೆ, ನಾಲ್ಕು ಲೆನ್ಸುಗಳಿಗೆ, ಉಳಿದ ಎರಡನ್ನು ಸಣ್ಣಪುಟ್ಟದಕ್ಕೆ ಇಡಿ. ಸಣ್ಣಪುಟ್ಟದರಲ್ಲಿ ಮೊದಲನೆಯದು ನಂಬಿಕೆಯ ಅಂಗಡಿಯಲ್ಲಿ ಬಿಲ್ ಸಮೇತ ಕೊಂಡ ಮೆಮೊರಿ ಕಾರ್ಡು. ನಕಲಿ ಕಾರ್ಡಿನಲ್ಲಿ ತೇರಿನ ಚಿತ್ರ ಕಳೆದುಕೊಂಡರೆ ಇನ್ನೊಂದು ವರ್ಷ ಕಾಯಬೇಕು. ಎರಡನೆಯದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್. ಕಪಿಲೆ ಉಕ್ಕಿ ಸ್ನಾನಘಟ್ಟ ಮುಳುಗುವ ಮಳೆಗಾಲದ ತಿಂಗಳುಗಳಲ್ಲಿ ನದಿ ದಂಡೆಯ ಊರುಗಳ ಮನೆಗಳೊಳಗೂ ತೇವ ನಿಲ್ಲುತ್ತದೆ, ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಲೆನ್ಸಿಗೆ ಫಂಗಸ್ ಹಿಡಿಯುವುದು ಆಗಲೇ. ಬಣ್ಣದ ಹರಳು ಬಣ್ಣ ಬದಲಿಸಿದಾಗ ಕಾಯಿಸಿ ಒಣಗಿಸಿ ಮತ್ತೆ ಹಾಕಬಹುದು. ಚಿತ್ರ ತಿದ್ದಲು ದುಡ್ಡು ಬೇಕಿಲ್ಲ. ಫೋನಿನಲ್ಲಿ ಸ್ನ್ಯಾಪ್‌ಸೀಡ್, ಕಂಪ್ಯೂಟರಿನಲ್ಲಿ ಡಾರ್ಕ್‌ಟೇಬಲ್, ಜಿಂಪ್ ಎಲ್ಲ ಉಚಿತ.

ಹೊಸದನ್ನೇ ಕೊಳ್ಳುವವರು ಜಿಎಸ್‌ಟಿ ಬಿಲ್, ಭಾರತದ ವಾರಂಟಿ ಕಾರ್ಡು ಎರಡನ್ನೂ ಕೇಳಿ ಪಡೆಯಿರಿ. ಡಿಜಿಟಲ್ ಕ್ಯಾಮೆರಾಗಳ ಜಿಎಸ್‌ಟಿ 2019ರ ಜನವರಿಯಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ ಬೇಡವೆಂದರೆ ಅಷ್ಟು ಕಡಿಮೆ ಮಾಡುತ್ತೇವೆ ಎನ್ನುವ ಮಾತಿಗೆ ಮರುಳಾದರೆ ಮುಂದೆ ರಿಪೇರಿಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಸಾಲದ ಕಂತು ಕಟ್ಟಿ ಮೊದಲ ಕ್ಯಾಮೆರಾ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅದು ದುಡಿಯಲು ಶುರು ಮಾಡುವ ಮೊದಲೇ ಕಂತು ಶುರುವಾಗುತ್ತದೆ.

ಕೊನೆಗೆ ಈ ಎರಡು ತಾಲ್ಲೂಕುಗಳ ಸ್ಟುಡಿಯೊ ಮಾಲೀಕರಲ್ಲಿ ಒಂದು ವಿನಂತಿ. ಹೊಸ ಕ್ಯಾಮೆರಾ ಬಂದ ಮೇಲೆ ನಿಮ್ಮ ಹಳೆಯ ಡಿಎಸ್ಎಲ್ಆರನ್ನು ಸಿಕ್ಕಷ್ಟಕ್ಕೆ ಎಕ್ಸ್‌ಚೇಂಜ್ ಮಾಡುತ್ತೀರಿ, ಇಲ್ಲವೆ ಬೀರುವಿನಲ್ಲಿ ಇಟ್ಟು ಮರೆಯುತ್ತೀರಿ. ಅದೇ ಬೆಲೆಗೆ ನಿಮ್ಮ ಊರಿನದೇ ಒಬ್ಬ ಹುಡುಗನಿಗೋ ಹುಡುಗಿಗೋ ಕೊಡಿ. ಎಷ್ಟು ಕ್ಲಿಕ್ ಆಗಿದೆ, ಯಾವ ಗುಂಡಿ ಸಡಿಲ, ಯಾವಾಗ ಸರ್ವಿಸ್ ಆಗಿತ್ತು ಎಂಬುದನ್ನು ಮುಚ್ಚಿಡದೆ ಹೇಳಿ, ಜೊತೆಗೆ ಒಂದು ಗಂಟೆ ಕೂತು ಶಟರ್, ಅಪರ್ಚರ್ ಹೇಳಿಕೊಡಿ. ಮುಂದಿನ ದೊಡ್ಡ ಜಾತ್ರೆಗೆ ಮೊದಲೇ ಈ ಕೆಲಸ ಆಗಲಿ.